ಕೈಗವಸು ಇದ್ದದ್ದು ಬೀರುವಿನಲ್ಲಿ

ತಿಮ್ಮಕ್ಕ ಐದು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ.

ಸಿದ್ದಾಪುರದ ಆ ಲಾಂಡ್ರಿಯಲ್ಲಿ ಇಪ್ಪತ್ತೆರಡು ಜನ ಕೆಲಸ ಮಾಡುತ್ತಿದ್ದರು. ಸುತ್ತಮುತ್ತಲಿನ ನರ್ಸಿಂಗ್ ಹೋಮ್‌ಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಕೊರೋನಾದ ಎರಡನೇ ಅಲೆ ಎದ್ದ ಆ ಏಪ್ರಿಲ್‌ನಲ್ಲಿ ಮೂಟೆಗಳು ದುಪ್ಪಟ್ಟಾಗಿದ್ದವು. ತಿಮ್ಮಕ್ಕ ಮತ್ತು ಅಣ್ಣಮ್ಮ ಒಂಬತ್ತು ವರ್ಷದಿಂದ ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡಿದು ಮಡಚುತ್ತಿದ್ದ ಜೋಡಿ.

"ತಿಮ್ಮಕ್ಕ ಯಾಕೆ ಬಂದಿಲ್ಲ ಸಾರ್?" ಎಂದು ಅಣ್ಣಮ್ಮ ಮಾಲೀಕ ಶಂಭುಲಿಂಗಪ್ಪನನ್ನು ಕೇಳಿದಳು.

"ಏನೋ ವೈರಲ್ ಫೀವರ್ ಅಂತೆ. ಎರಡು ದಿನದಲ್ಲಿ ಬರ್ತಾಳೆ. ನೀನು ಕೈ ಓಡಿಸು" ಎಂದ ಅವನು.

ಅಣ್ಣಮ್ಮನಿಗೆ ಯಾಕೋ ಸಮಾಧಾನವಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ತಿಮ್ಮಕ್ಕನ ಮನೆಗೆ ಫೋನ್ ಮಾಡಿದಳು. ಮಗಳು ಶ್ವೇತಾ ಎತ್ತಿದಳು.

"ಆಂಟಿ, ಅಮ್ಮಂಗೆ ಆಕ್ಸಿಜನ್ ಹಾಕಿದಾರೆ. ಪಾಸಿಟಿವ್ ಅಂತ ಮೊದಲನೇ ದಿನಾನೇ ನಿಮ್ಮ ಸಾರ್‌ಗೆ ಹೇಳಿದ್ದೆ. ಜೊತೇಲಿ ಕೆಲಸ ಮಾಡೋರಿಗೆಲ್ಲ ತಿಳಿಸಿ ಅಂತಾನೂ ಹೇಳಿದ್ದೆ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ತಿಮ್ಮಕ್ಕ ಕೆಮ್ಮುತ್ತಿದ್ದಾಗ ಇಬ್ಬರೂ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದಿದ್ದರು. ಬಿಳಿ ಬಟ್ಟೆಗೆ ಧೂಳು ಬೀಳುತ್ತದೆಂದು ಶಂಭುಲಿಂಗಪ್ಪ ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ಆ ಬಿಸಿ ಹಬೆಯಲ್ಲಿ ಇಪ್ಪತ್ತೆರಡು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಮನೆಯಿಂದ ತಂದ ಕರ್ಚೀಫೇ ಅವರಿಗೆ ಮಾಸ್ಕ್.

ಅಣ್ಣಮ್ಮ ನೇರ ಆಫೀಸಿಗೆ ಹೋದಳು. "ತಿಮ್ಮಕ್ಕಂಗೆ ಪಾಸಿಟಿವ್ ಅಂತ ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿದ್ರೆ ಏನೀಗ? ಎಲ್ರೂ ಹೆದರ್ಕೊಂಡು ಮನೇಲಿ ಕೂತ್ರೆ ಆಸ್ಪತ್ರೆಗೆ ಬಟ್ಟೆ ಯಾರು ಕೊಡ್ತಾರೆ? ಹೋಗು, ಕೆಲಸ ನೋಡು."

ಅವನ ಬೆನ್ನ ಹಿಂದೆ ಬೀರು ಇತ್ತು. ಅದರೊಳಗೆ ಎರಡು ಪೆಟ್ಟಿಗೆ ಕೈಗವಸು, ಒಂದು ಪೆಟ್ಟಿಗೆ ಮಾಸ್ಕ್ ಇರುವುದು ಎಲ್ಲರಿಗೂ ಗೊತ್ತಿತ್ತು. ಹೋದ ತಿಂಗಳು ಒಂದು ನರ್ಸಿಂಗ್ ಹೋಮಿನವರು ನೋಡಲು ಬಂದಾಗ ಎಲ್ಲರಿಗೂ ಹಂಚಿ, ಫೋಟೋ ತೆಗೆಸಿ, ಅವರ ಕಾರು ತಿರುವು ದಾಟುವ ಮೊದಲೇ ಕೈಯಿಂದ ಬಿಚ್ಚಿಸಿಕೊಂಡಿದ್ದ. ಅಂದು ಅಣ್ಣಮ್ಮ ನಕ್ಕು ಸುಮ್ಮನಾಗಿದ್ದಳು. ಈಗ ಆ ನಗು ನೆನೆದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟಳು. ಮನೆ ತಲುಪಿದರೂ ಒಳಗೆ ಕಾಲಿಡಲಿಲ್ಲ. ಒಳಗೆ ಉಬ್ಬಸದ ಅತ್ತೆ ಸೊಣ್ಣಮ್ಮ ಇದ್ದಳು. ಬಾಗಿಲಿಂದಾಚೆ ನಿಂತೇ ಗಂಡ ಬೋರಯ್ಯನಿಗೆ ಎಲ್ಲ ಹೇಳಿದಳು. ಮನೆಮನೆ ವಿಚಾರಿಸುತ್ತ ಬಂದಿದ್ದ ಆಶಾ ಕಾರ್ಯಕರ್ತೆ ಸುಧಾಮಣಿಯೂ ಅಲ್ಲೇ ನಿಂತು ಕೇಳಿಸಿಕೊಂಡಳು.

"ಮೊದಲು ನೀವು ಟೆಸ್ಟ್ ಮಾಡಿಸ್ಕೊಳ್ಳಿ ಅಕ್ಕ. ಆಮೇಲೆ ಅವರ ಮೇಲೆ ಒಂದು ಅರ್ಜಿ ಹಾಕಿ."

"ಅರ್ಜಿ ಗಿರ್ಜಿ ಏನೂ ಬೇಡಮ್ಮಾ" ಎಂದ ಬೋರಯ್ಯ. "ನನ್ನ ಆಟೋ ನಿಂತು ಎಷ್ಟು ದಿನ ಆಯ್ತು. ಇವಳ ಕೆಲಸಾನೂ ಹೋದ್ರೆ ನೀವು ಬಂದು ಅನ್ನ ಹಾಕ್ತೀರಾ? ದೊಡ್ಡೋರ ಸಹವಾಸ ನಮಗ್ಯಾಕೆ?"

"ಅಣ್ಣಾ, ಮಾಸ್ಕು, ಸೋಪು, ಗ್ಲೌಸು ಕೊಡೋದು ಮಾಲೀಕರ ಜವಾಬ್ದಾರಿ. ಗಾಳಿ ಆಡೋ ಹಾಗೆ ಮಾಡ್ಬೇಕು, ಜನಾನ ದೂರ ದೂರ ನಿಲ್ಲಿಸ್ಬೇಕು, ಜಾಗ ಸಾಲ್ದಿದ್ರೆ ಪಾಳಿ ಮಾಡ್ಬೇಕು. ಕೋವಿಡ್ ವಾರ್ಡಿನ ಬಟ್ಟೆ ಬೇರೆ ಚೀಲದಲ್ಲೇ ಬರ್ಬೇಕು. ಒಬ್ಬರಿಗೆ ಸೋಂಕು ಬಂದ್ರೆ ಜೊತೇಲಿದ್ದವ್ರಿಗೆ ಅವತ್ತೇ ಹೇಳ್ಬೇಕು. ಮನಸ್ಸು ಬಂದ್ರೆ ಮಾಡ್ತೀನಿ ಅನ್ನೋ ಹಾಗಿಲ್ಲ, ಸರ್ಕಾರದ ಆದೇಶ ಇದು."

"ಹೆಸರು ಗೊತ್ತಾದ್ರೆ ಅವನು ಬಿಡ್ತಾನಾ?" ಎಂದ ಬೋರಯ್ಯ.

"ದೂರು ಕೊಟ್ಟೋರ ಹೆಸರನ್ನ ಕಾರ್ಖಾನೆ ಇಲಾಖೆ ಇನ್‌ಸ್ಪೆಕ್ಟರ್ ಮಾಲೀಕರಿಗೆ ಹೇಳೋ ಹಾಗಿಲ್ಲ. ಕಾರ್ಖಾನೆ ಕಾಯ್ದೇಲೇ ಹಾಗಿದೆ, ನಿಮ್ಮ ಲಾಂಡ್ರಿಗೂ ಅದು ಅನ್ವಯಿಸುತ್ತೆ."

ಬೋರಯ್ಯ ಬೇಡವೆಂದು ತಲೆಯಾಡಿಸಿ ಒಳಗೆ ಹೋದ.

ಅಣ್ಣಮ್ಮನಿಗೆ ಪಾಸಿಟಿವ್ ಬಂತು. ಅವಳು ಇದ್ದ ಒಂದೇ ರೂಮಿನಲ್ಲಿ ಬಾಗಿಲು ಹಾಕಿಕೊಂಡಳು, ಗಂಡ ಮತ್ತು ಅತ್ತೆ ಅಡುಗೆಮನೆಯಲ್ಲಿ ಮಲಗಿದರು. ಅಷ್ಟರಲ್ಲೇ ತಡವಾಗಿತ್ತು. ಮೂರನೇ ದಿನ ಸೊಣ್ಣಮ್ಮನಿಗೂ ಜ್ವರ ಏರಿತು. ಸುಧಾಮಣಿ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿದರೆ ಆಕ್ಸಿಜನ್ ಎಂಬತ್ತೊಂಬತ್ತಕ್ಕೆ ಇಳಿದಿತ್ತು. ಆಂಬುಲೆನ್ಸ್‌ಗೆ ಕಾಯುತ್ತ ಕೂತಿದ್ದಾಗಲೇ ಶಂಭುಲಿಂಗಪ್ಪನ ಫೋನ್ ಬಂತು. ಬೋರಯ್ಯ ಎತ್ತಿದ.

"ನೋಡಪ್ಪಾ, ಆರೋಗ್ಯ ಇಲಾಖೆಯವ್ರು ಕೇಳಿದ್ರೆ ನಮ್ಮ ಲಾಂಡ್ರಿ ಹೆಸರು ಹೇಳ್ಬೇಡಿ. ಮನೆಗೆಲಸ ಮಾಡ್ತಾಳೆ ಅಂತ ಹೇಳಿ. ಐದು ದಿನದಲ್ಲಿ ಅವಳು ಬರ್ದಿದ್ರೆ ಬೇರೆಯವ್ರನ್ನ ಇಟ್ಕೋತೀನಿ."

"ಇಲ್ಲಿ ನಮ್ಮಮ್ಮಂಗೆ ಉಸಿರು ಸಿಗ್ತಿಲ್ಲ ಸಾರ್."

"ಅದಕ್ಕೆ ನಾನೇನು ಮಾಡ್ಲಿ?"

ಬೋರಯ್ಯ ಫೋನ್ ಕೆಳಗಿಟ್ಟ. ಸುಧಾಮಣಿಯ ಕಡೆ ತಿರುಗಿ, "ಅರ್ಜಿ ಎಲ್ಲಿ ಕೊಡ್ಬೇಕು? ನೀವು ಹೇಳ್ತಾ ಹೋಗಿ, ನಾನು ಬರೀತೀನಿ" ಎಂದ.

ಸೊಣ್ಣಮ್ಮ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ತಿಮ್ಮಕ್ಕ ಬರಲಿಲ್ಲ. ಸುದ್ದಿ ಕೇಳಿದ ದಿನ ಅಣ್ಣಮ್ಮ ಅಳಲಿಲ್ಲ. ಗೋಡೆಗೆ ಮುಖ ಮಾಡಿ ಹಲ್ಲು ಕಚ್ಚಿ ಮಲಗಿದ್ದಳು.

ಕಾರ್ಮಿಕ ವಿಮೆಯ ಇಎಸ್‌ಐ ಡಾಕ್ಟರು ರಜೆಗೆ ಬರೆದ ಚೀಟಿ ಇದ್ದುದರಿಂದ ಅವಳನ್ನು ಕೆಲಸದಿಂದ ತೆಗೆಯಲು ಶಂಭುಲಿಂಗಪ್ಪನಿಗೆ ಧೈರ್ಯ ಬರಲಿಲ್ಲ. ಅವಳು ಮತ್ತೆ ಲಾಂಡ್ರಿಗೆ ಹೋದ ವಾರದಲ್ಲೇ ಇನ್‌ಸ್ಪೆಕ್ಟರ್ ಬಂದರು. ಬಾಗಿಲಲ್ಲಿ ಜೀಪು ನಿಂತದ್ದನ್ನು ಕಂಡು ಶಂಭುಲಿಂಗಪ್ಪ ಬೀರು ತೆಗೆದು ಓಡಾಡಿ ಎಲ್ಲರಿಗೂ ಮಾಸ್ಕು, ಕೈಗವಸು ಹಂಚಿದ.

"ಇದೆಲ್ಲ ಯಾವಾಗಿಂದ ಕೊಡ್ತಿದಾರೆ ನಿಮಗೆ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಎಲ್ಲರೂ ಶಂಭುಲಿಂಗಪ್ಪನ ಮುಖ ನೋಡಿದರು. ಅಣ್ಣಮ್ಮನೂ ಸುಮ್ಮನಿರಬಹುದಿತ್ತು, ಅರ್ಜಿ ಕೊಟ್ಟವರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಮುಂದೆ ಬಂದಳು.

"ಹತ್ತು ನಿಮಿಷದಿಂದ ಸಾರ್" ಎಂದಳು. "ನನ್ನ ಜೊತೆಯವಳು ಸತ್ತು ಹದಿನಾರು ದಿನ ಆಯ್ತು."

ಒಬ್ಬೊಬ್ಬರಾಗಿ ಉಳಿದವರೂ ಮಾತಾಡತೊಡಗಿದರು. ಶಂಭುಲಿಂಗಪ್ಪನಿಗೆ ನೋಟಿಸ್ ಬಂತು. ಕಿಟಕಿಗಳು ತೆರೆದವು. ಎರಡು ಪಾಳಿಯಾಯಿತು. ಕೋವಿಡ್ ಬಟ್ಟೆ ಬೇರೆ ಚೀಲದಲ್ಲಿ, ಗುರುತು ಹಾಕಿ ಬರತೊಡಗಿತು. ಇಷ್ಟನ್ನೂ ಮಾಡಲು ಅವನಿಗೆ ಹಿಡಿದದ್ದು ಮೂರೇ ದಿನ. ಆ ಮೂರು ದಿನದ ಕೆಲಸವನ್ನು ಮಾರ್ಚ್‌ನಲ್ಲೇ ಮಾಡಿದ್ದರೆ ಶ್ವೇತಾಳಿಗೆ ಇವತ್ತು ತಾಯಿ ಇರುತ್ತಿದ್ದಳೇನೋ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವು ಹೊಲಿಗೆ ಮಾಡುತ್ತಿರಬಹುದು, ಪ್ಯಾಕಿಂಗ್ ಮಾಡುತ್ತಿರಬಹುದು, ಅಂಗಡಿಯಲ್ಲಿ ನಿಂತಿರಬಹುದು. ಸಾಂಕ್ರಾಮಿಕ ರೋಗ ಹಬ್ಬಿದಾಗ ನಿಮ್ಮನ್ನು ಕಾಪಾಡುವ ಹೊಣೆ ಕೆಲಸ ಕೊಟ್ಟವರದು. ಕಿಟಕಿ ತೆಗೆಯಿರಿ ಎಂದು ಕೇಳಿ. ಮಾಸ್ಕ್ ಕೇಳಿ. ಯಾರಿಗೆ ಸೋಂಕು ಬಂದಿದೆ ಎಂಬುದನ್ನು ಮುಚ್ಚಿಟ್ಟರೆ ಕಾರ್ಮಿಕ ಇಲಾಖೆಗೆ, ಕಾರ್ಖಾನೆಯಾದರೆ ಕಾರ್ಖಾನೆಗಳ ಇಲಾಖೆಗೆ ಅರ್ಜಿ ಕೊಡಿ. ಬರೆಯಲು ಬಾರದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಜ್ವರ ಬಂದರೆ ಕೆಲಸಕ್ಕೆ ಹೋಗಬೇಡಿ, ಇಎಸ್‌ಐ ಇದ್ದರೆ ಅದರ ರಜೆ ನಿಮ್ಮ ಹಕ್ಕು. ಮಾಲೀಕರೇ, ನೀವೂ ಕೇಳಿಸಿಕೊಳ್ಳಿ. ನಿಮ್ಮಲ್ಲಿ ದುಡಿಯುವವರಿಗೂ ಮನೆಯಲ್ಲಿ ಕಾಯುವವರು ಇದ್ದಾರೆ.