ತೊಲೆಯ ಮೇಲಿನ ಬೆಣ್ಣೆ

ಹೊಗೆಯಿಲ್ಲದೆ ಬೆಂಕಿಯಾಡದು ಎಂದು ದೊಡ್ಡವರು ಹೇಳಿಲ್ಲವೇ? ಹಿಂದುಮುಂದಾಯಿತು ಎನ್ನುತ್ತೀರಾ? ಆಗಲಿ ಬಿಡಿ. ಗಾದೆ ತಲೆಕೆಳಗಾದರೂ ಕಥೆ ನೆಟ್ಟಗಿದೆ. ನಜರ್‌ಬಾದಿನ ಹೆಂಚಿನ ಮನೆಯೊಂದರಲ್ಲಿ ನಡೆದದ್ದು, ನಡೆದ ಹಾಗೇ ಹೇಳುತ್ತೇನೆ.

ಆ ಮನೆಯ ಸೊಸೆ ನೀಲಮ್ಮ ದಸರಾ ವಸ್ತುಪ್ರದರ್ಶನದಲ್ಲಿ ಹೊಗೆಕೊಳವೆಯ ಸೌದೆ ಒಲೆ ನೋಡಿ ಬಂದವಳೇ ಅಂಥದ್ದೇ ಬೇಕೆಂದು ಪಟ್ಟು ಹಿಡಿದಳು. ಅತ್ತೆ ಮಹದೇವಮ್ಮನ ಒಂದು ಕಣ್ಣು ಆಗಲೇ ಮಂಜಾಗಿತ್ತು. ಹೊಗೆ ತಪ್ಪದಿದ್ದರೆ ಇನ್ನೊಂದೂ ಉಳಿಯದು ಎಂದಿದ್ದರು ಡಾಕ್ಟರು. ಅತ್ತೆಯೋ, ಒಲೆ ಮುಂದಿನಿಂದ ಕದಲುವವರಲ್ಲ.

ಮಾವ ಚನ್ನಬಸವಯ್ಯನವರಿಗೆ ಮಾತ್ರ ಭಯ. ಚಿಕ್ಕಂದಿನಲ್ಲಿ ಒಂದೇ ಕಿಡಿಗೆ ಅವರ ಹುಲ್ಲುಮನೆ ಕಣ್ಣೆದುರೇ ಬೂದಿಯಾಗಿತ್ತು.

"ಬೆಂಕಿ ಕೊಳವೇನ ಸೂರಿಗೆ ಹತ್ತಿಸ್ತೀಯಾ? ತೊಲೆ ಹತ್ಕೊಂಡ್ರೆ ಏನ್ ಗತಿ ಕಣಮ್ಮ?"

"ಹತ್ಕೊಳ್ಳದ ಹಾಗೆ ಹಾಕಿಸ್ತೀನಿ, ಮಾವ."

"ಹಾಗೋ? ತೊಲೆ ಮೇಲೆ ಒಂದು ಉಂಡೆ ಬೆಣ್ಣೆ ಇಡ್ತೀನಿ. ಮಧ್ಯಾಹ್ನದೊಳಗೆ ಕರಗಿದ್ರೆ ಒಲೆ ನಾನೇ ಒಡೀತೀನಿ."

"ಆಗ್ಲಿ."

ಗಾರೆ ಕೆಲಸದ ಶಿವಮಲ್ಲಪ್ಪ ಕೊಳವೆಯನ್ನು ತೊಲೆಗೇ ಒರಗಿಸಿದ. ನೀಲಮ್ಮ ಇಳಿಸಿದಳು. ಒಂದು ಗೇಣು ಸರಿಸಿದ. ಮತ್ತೆ ಇಳಿಸಿದಳು. ಇನ್ನೊಂದು ಗೇಣು ಸರಿಸಿದ.

"ಒಂದೂವರೆ ಮೊಳ ದೂರ ಅಂದೆ."

"ಮೂರ್ನೇ ಸಲ ಆಯ್ತು ಕಣವ್ವ!"

"ನಾಕನೇ ಸಲಕ್ಕೂ ಕಾಫಿ ಕೊಡ್ತೀನಿ, ಇಳ್ಸಪ್ಪ."

ಹೆಂಚು ತೆಗೆದ ಜಾಗಕ್ಕೆ ತಗಡು ಬಂತು. ಕೊಳವೆಯ ಬಾಯಿ ಸೂರಿಗಿಂತ ಎರಡು ಮೊಳ ಮೇಲೇರಿತು. ಕೆಂಡ ಉದುರುವಲ್ಲಿ ಕಲ್ಲುಚಪ್ಪಡಿ; ಸೌದೆಯ ರಾಶಿ ಆಚೆ ಗೋಡೆಗೆ.

ಮೈದುನ ಬಸವರಾಜು ಇದನ್ನೆಲ್ಲ ನೋಡಿ ನಗುತ್ತಿದ್ದ. ಬಿ.ಎ. ಹುಡುಗ, ಓದು ಅಷ್ಟಕ್ಕಷ್ಟೆ, ಕೀಟಲೆ ಜಾಸ್ತಿ. ಯಾರ ದನಿಯನ್ನಾದರೂ ಹಾಗೇ ಅಣಕಿಸಬಲ್ಲ. ಪಕ್ಕದ ಮನೆ ಸದಾಶಿವಯ್ಯನವರ ಗೊಗ್ಗರು ದನಿಯಂತೂ ಅವರಿಗಿಂತ ಇವನಿಗೇ ಚೆನ್ನಾಗಿ ಒಪ್ಪುತ್ತಿತ್ತು.

ಮಾರ್ಗಶಿರದ ಒಂದು ಬೆಳಿಗ್ಗೆ ಹೊಸ ಒಲೆ ಹೊತ್ತಿತು. ಮಾವ ತೊಲೆಯ ಮೇಲೆ ಬೆಣ್ಣೆಯಿಟ್ಟು, ಜಗುಲಿಯಲ್ಲಿ ಪತ್ರಿಕೆ ಹಿಡಿದು ಕೂತರು. ಹನ್ನೊಂದರ ಹೊತ್ತಿಗೆ ಹಿತ್ತಲ ಕಡೆಯಿಂದ ಸದಾಶಿವಯ್ಯನವರ ದನಿ ಕೂಗಿತು:

"ರೀ ಚನ್ನಬಸವಯ್ಯ! ನಿಮ್ಮ ಸೂರಿನ ಮೇಲೆ ಹೊಗೆ ಕಣ್ರೀ, ಹೊಗೆ!"

ಪತ್ರಿಕೆ ಹಾರಿತು. ಬಚ್ಚಲಿನಿಂದ ತುಂಬಿದ ಕೊಡ ಎತ್ತಿಕೊಂಡು ಮಾವ ಅಡಿಗೆಮನೆಗೆ ನುಗ್ಗಿದರು. ಕಾದ ಮಣ್ಣಿನ ಒಲೆ. ತಣ್ಣೀರು ಬಿದ್ದರೆ ಹೋಳುಹೋಳು. ನೀಲಮ್ಮ ಒಲೆಗೆ ಅಡ್ಡ ನಿಂತಳು.

"ಸರ್ಕೊಳ್ಳಮ್ಮ! ಮನೆ ಹೊತ್ಕೊಂಡಿದೆ!"

"ಮೊದ್ಲು ತೊಲೆ ಮುಟ್ಟಿ ನೋಡಿ, ಮಾವ. ಬಿಸಿಯಿದ್ರೆ ಕೊಡ ನಾನೇ ಸುರೀತೀನಿ."

"ಹೊಗೆ ಅಂತ ಕೂಗ್ತಾವ್ರೆ—"

"ಮುಟ್ಟಿ ನೋಡಿ." ಏಣಿಯನ್ನು ಅವಳೇ ಒರಗಿಸಿ ಹಿಡಿದಳು.

ಮಾವ ಕೊಡ ಇಳಿಸಿ ಹತ್ತಿದರು. ಬೆರಳ ತುದಿ ತಾಗಿಸಿದರು, ಆಮೇಲೆ ಅಂಗೈ ಇಟ್ಟರು. ತೊಲೆ ತಣ್ಣಗಿತ್ತು. ಬೆಣ್ಣೆಯ ಮೇಲೆ ತಾವು ಬೆಳಿಗ್ಗೆ ಒತ್ತಿದ ಹೆಬ್ಬೆರಳ ಗುರುತೂ ಅಳಿಸಿರಲಿಲ್ಲ. ಎದುರಿಗೇ ಗವಾಕ್ಷಿ. ಇಣುಕಿದರೆ, ಒಗೆಯುವ ಕಲ್ಲಿನ ಮೇಲೆ ಕೂತ ಮಗರಾಯ ಬಾಯಿಗೆ ಕೈ ಅಡ್ಡ ಹಿಡಿದು ಇನ್ನೂ ಕೂಗುತ್ತಿದ್ದಾನೆ: "ಹೊಗೆ ಕಣ್ರೀ!"

ಮಾವ ತಲೆ ಹಿಂದಕ್ಕೆಳೆದುಕೊಂಡರು. ಕೆಳಗೆ ನೋಡಿದರು. ಉರಿಯುವ ಒಲೆಯ ಮುಂದೆ ಮಹದೇವಮ್ಮ ಸೆರಗನ್ನು ಕಣ್ಣಿಗೊತ್ತಿಕೊಳ್ಳದೆ ಅವರೆಕಾಯಿ ಬಿಡಿಸುತ್ತಿದ್ದರು.

"ಲೋ ಬಸ್ವರಾಜ! ಹೊಗೆ ಸೂರಿನ ಮೇಲಿರದೆ ನಿಮ್ಮವ್ವನ ಕಣ್ಣಲ್ಲಿರಬೇಕಿತ್ತೇನೋ?"

ಅಂದವರೇ ನಕ್ಕರು. ಏಣಿ ಅಲ್ಲಾಡುವಷ್ಟು ನಕ್ಕರು. ಹಿಡಿದಿದ್ದ ನೀಲಮ್ಮ ನಕ್ಕಳು, ಮಹದೇವಮ್ಮ ನಕ್ಕರು. ಆ ಎರಡೂ ನಗೆ ಮಾವನ ಗದ್ದಲದಲ್ಲಿ ಮುಳುಗಿಹೋದವು. ಏನು ಅನಾಹುತವೋ ಎಂದು ನಿಜವಾದ ಸದಾಶಿವಯ್ಯನವರೇ ಗೋಡೆಯಾಚೆಯಿಂದ ತಲೆಯೆತ್ತಿದರೆ, ಚನ್ನಬಸವಯ್ಯ ಗವಾಕ್ಷಿಯಿಂದ ಬೆಣ್ಣೆ ತೋರಿಸುತ್ತ ಇನ್ನೂ ನಗುತ್ತಲೇ ಇದ್ದರು.