ಪಕ್ಕದಿಂದ ಹೇಳಿಕೊಟ್ಟ ಮಾತು

ನನ್ನ ಅಣ್ಣ ಇಪ್ಪತ್ತೆರಡು ನಾಟಕ ಬರೆದ. ಇಪ್ಪತ್ತೆರಡರಲ್ಲೂ ನಾಯಕನನ್ನು ಕೊಂದ. ಜನ ಅತ್ತರು, ಚಪ್ಪಾಳೆ ತಟ್ಟಿದರು, ಮಹಾ ನಾಟಕಕಾರ ಎಂದು ಹೊಗಳಿದರು. ಬರೆಯುವವನೂ ಅವನೇ, ನಾಯಕನ ಪಾತ್ರ ಮಾಡುವವನೂ ಅವನೇ. ಆದರೆ ಆ ಮಹಾನುಭಾವನಿಗೆ ತಾನೇ ಬರೆದ ನಾಲ್ಕು ಸಾಲು ಬಾಯಿಗೆ ಬರುತ್ತಿರಲಿಲ್ಲ. ಬರೆದು ಮುಗಿಸಿದನೆಂದರೆ ಅವನ ತಲೆ ತೊಳೆದಿಟ್ಟ ಪಾತ್ರೆ.

ಅದಕ್ಕೇ ಮೂವತ್ತೊಂದು ವರ್ಷದಿಂದ ತಂಗಿ ನಾನೇ ಅವನ ಪ್ರಾಂಪ್ಟರ್. ರಂಗದ ಎಡಗಡೆಯ ವಿಂಗಿನಲ್ಲಿ, ಪರದೆಯ ಮರೆಗೆ, ಸ್ಟೂಲಿನ ಮೇಲೆ ಕೂತು ನಾನು ಪಿಸುಗುಟ್ಟುತ್ತೇನೆ, ಅವನು ಗುಡುಗುತ್ತಾನೆ. ನಡುವೆ ಯೋಚನೆ ಎಂಬುದೇ ಇಲ್ಲ. ಒಮ್ಮೆ ಯುದ್ಧದ ದೃಶ್ಯದಲ್ಲಿ ನಾನು ಲೈಟಿನವನ ಕಡೆ ತಿರುಗಿ "ಟೀ ಬಂತಾ?" ಎಂದು ಕೇಳಿದೆ. ಅಣ್ಣ ಕತ್ತಿ ಎತ್ತಿ, ಸೇನಾಪತಿಯ ಮುಖಕ್ಕೆ "ಟೀ ಬಂತಾ?" ಎಂದು ಅಬ್ಬರಿಸಿದ! ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ.

ಇಪ್ಪತ್ತಮೂರನೆಯ ನಾಟಕ ಅವನದೇ ಕಥೆ. ಅತ್ತಿಗೆ ತೀರಿಹೋಗಿ ಎಂಟು ತಿಂಗಳಾಗಿತ್ತು. ನಾಟಕದಲ್ಲಿ ಹೆಂಡತಿಯನ್ನು ಕಳೆದುಕೊಂಡ ಮುದುಕ ನಾಟಕಕಾರ ಕೊನೆಗೆ ಲೋಟ ಎತ್ತಿ, "ನನ್ನ ಮಾತು ಮುಗಿಯಿತು" ಎಂದು ವಿಷ ಕುಡಿಯುತ್ತಾನೆ. ಓದಿದ ದಿನವೇ ನನಗೆ ಮೈ ಉರಿಯಿತು.

"ಇವನನ್ನೂ ಸಾಯಿಸ್ಬೇಕಾ? ಒಬ್ಬನನ್ನಾದ್ರೂ ಬದುಕಿಸಣ್ಣ," ಎಂದೆ.

"ಸಾಯ್ದೆ ಇನ್ನೇನು ಮಾಡ್ತಾನೆ ಅವನು? ನೀನೇ ಹೇಳು."

ಅಪ್ಪ ಅಮ್ಮ ಹೋದ ಮೇಲೆ ನನಗಿದ್ದವನು ಅವನೊಬ್ಬನೇ. ಅಷ್ಟಾದರೂ ಬಾಯಿ ಬಿಟ್ಟು ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಕೊನೆಯ ದೃಶ್ಯ ನಡೆಯುತ್ತಿತ್ತು. ರಂಗದ ಸಾಮಾನಿನ ಪೆಟ್ಟಿಗೆ ನೋಡಿಕೊಳ್ಳುವ, ನಾವೆಲ್ಲ ಪೆಟ್ಟಿಗೆ ಮಾವ ಎಂದು ಕರೆಯುವವನು, ವಿಷವೆಂದು ತೋರಿಸುವ ಬಣ್ಣದ ನೀರಿನ ಲೋಟ ಹಿಡಿದು ನನ್ನ ಪಕ್ಕಕ್ಕೆ ಬಂದ.

"ಇದು ಇಲ್ಲೇ ಉಳೀತಲ್ಲಮ್ಮ. ನಿಮ್ಮಣ್ಣ ಬೇರೆ ಲೋಟ ತಗೊಂಡ್ಹೋದ್ರು."

"ಬೇರೇದಾ? ಎಲ್ಲಿತ್ತು?"

"ಅವ್ರೇ ಏನೋ ಕಲಸಿ ಇಟ್ಕೊಂಡಿದ್ರು. ಈ ಶೀಸೆ ಅವ್ರ ಕನ್ನಡಿ ಕೆಳಗೆ ಬಿದ್ದಿತ್ತು, ನೋಡಿ."

ಅವನು ನನ್ನ ಕೈಗಿಟ್ಟದ್ದು ಅತ್ತಿಗೆಯ ನಿದ್ದೆ ಮಾತ್ರೆಯ ಶೀಸೆ. ಹೋದ ವಾರ ಅರ್ಧ ತುಂಬಿತ್ತು. ಎಸೆಯಬೇಕು ಅಂದುಕೊಂಡು ಮರೆತಿದ್ದೆ, ನನ್ನ ತಲೆಗಿಷ್ಟು ಬೆಂಕಿ ಬೀಳ! ಈಗ ಖಾಲಿ. ಬೆಳಿಗ್ಗೆ ಅಣ್ಣ ತನ್ನ ಪೆನ್ನನ್ನು ನನ್ನ ಕೈಗಿಟ್ಟು, "ಇಟ್ಕೋ, ಇನ್ನು ನಂಗ್ಯಾಕೆ" ಎಂದಿದ್ದ. ನಾನೊಬ್ಬಳು ಪೆದ್ದಿ, ಹೊಸದು ಕೊಂಡಿರಬೇಕು ಎಂದುಕೊಂಡು ಚೀಲಕ್ಕೆ ಹಾಕಿಕೊಂಡಿದ್ದೆ.

"ಪರದೆ ಎಳೀಲಾ?" ಮಾವ ನನ್ನ ಕಿವಿಯಲ್ಲಿ ಕೇಳಿದ.

"ಬೇಡ! ಲೋಟ ಅವನ ಕೈಯಲ್ಲೇ ಇದೆ. ಪರದೆ ಅಲ್ಲಾಡಿದ್ರೆ ಸಾಕು, ಗಟಗಟ ಕುಡಿದ್ಬಿಡ್ತಾನೆ. ಅವನ ಹಟ ನಂಗೊತ್ತು."

ಅಣ್ಣ ನನ್ನ ಕಡೆ ಕಿವಿಗೊಟ್ಟು ನಿಂತಿದ್ದ. ಸಾಯಲು ಹೊರಟವನಿಗೂ ಸಾಲು ನಾನೇ ಕೊಡಬೇಕು! ನಾಟಕದ ಪ್ರತಿಯಲ್ಲಿ ಉಳಿದದ್ದು ಒಂದೇ ಸಾಲು. ನಾನು ಪ್ರತಿ ಮುಚ್ಚಿದೆ.

"ಇವತ್ತು ಬೇಡ," ಎಂದು ಪಿಸುಗುಟ್ಟಿದೆ.

"ಇವತ್ತು ಬೇಡ," ಎಂದ ಅಣ್ಣ, ಗಂಭೀರವಾಗಿ.

"ಬರೆಯೋದು ಇನ್ನೂ ಇದೆ."

"ಬರೆಯೋದು ಇನ್ನೂ..." ಅಲ್ಲಿಗೆ ನಿಂತ. ಇದು ತನ್ನ ಸಾಲಲ್ಲ ಎಂದು ತಿಳಿಯಿತು. ತಿರುಗಿ ನನ್ನನ್ನು ನೋಡಿದ. ನನ್ನ ಕೈಯ ಖಾಲಿ ಶೀಸೆಯನ್ನೂ ನೋಡಿದ. ಸುಮ್ಮನಿರು ಎಂಬಂತೆ ತಲೆಯಾಡಿಸಿ ಲೋಟ ಎತ್ತಿದ.

ಮುಂದೆ ಏನು ಹೇಳಲಿ? ಮಾತು ಕಟ್ಟುವವನು ಅವನು, ನಾನಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಲೋಟ ಅವನ ತುಟಿಗೆ ತಾಗಿತು. ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಹೇಳಲಿಲ್ಲ.

"ಅಣ್ಣಾ, ನೀನೂ ಹೋದ್ರೆ ನಂಗ್ಯಾರಿದಾರೆ?"

ಮೂವತ್ತೊಂದು ವರ್ಷದ ಅಭ್ಯಾಸ. ಅವನು ತಡೆಯುವ ಮೊದಲೇ ಅವನ ಬಾಯಿ ತೆರೆಯಿತು.

"ಅಣ್ಣಾ, ನೀನೂ ಹೋದ್ರೆ ನಂಗ್ಯಾರಿದಾರೆ?"

ಕೊನೆಯ ಸಾಲಿನವರಿಗೂ ಕೇಳುವ ಹಾಗೆ, ತನ್ನದೇ ದೊಡ್ಡ ದನಿಯಲ್ಲಿ. ಹೇಳಿದ ಮೇಲೆ ತಾನೇ ಅದನ್ನು ಕೇಳಿಸಿಕೊಂಡ. ಅವನ ಮುಖ ಅಳುವ ಮಗುವಿನ ಹಾಗಾಯಿತು. ಲೋಟ ವಾಲಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದನ್ನು ಅವನೇ ನೆಲಕ್ಕೆ ಸುರಿದ. ಕುರ್ಚಿಗೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

"ಈಗ ಎಳೀರಿ ಮಾವ!" ಎಂದೆ.

ಚಪ್ಪಾಳೆ ನಿಲ್ಲಲೇ ಇಲ್ಲ. ಜನಕ್ಕೇನು, ನಾಟಕ ಅಂದುಕೊಂಡರು. ನಾನು ಓಡಿಹೋಗಿ ಅವನ ತುಟಿ ಒರೆಸಿದೆ, ಬಾಯಿ ಮೂಸಿದೆ, ಕೋಪ ಉಕ್ಕಿ ಬೆನ್ನಿಗೊಂದು ಗುದ್ದಿದೆ.

"ಕುಡಿದ್ಯಾ? ನಿಜ ಹೇಳು!"

"ಇಲ್ಲ ಕಣೆ. ತುಟಿಗೆ ತಾಗಿದ್ದಷ್ಟೇ."

"ನಿನ್ನ ಮಾತು ಯಾರು ನಂಬ್ತಾರೆ! ಏಳು, ಡಾಕ್ಟರ ಹತ್ರ ಹೋಗೋಣ."

ನನ್ನ ಭುಜ ಹಿಡಿದು ಎದ್ದ. ಎರಡು ಹೆಜ್ಜೆ ಹಾಕಿ ನಿಂತು, ನನ್ನ ಚೀಲದತ್ತ ಬೊಟ್ಟು ಮಾಡಿದ.

"ಬೆಳಿಗ್ಗೆ ಕೊಟ್ಟ ಪೆನ್ನು ತೆಗಿ. ಆ ಕೊನೇ ಮಾತು ಪ್ರತೀಲಿ ಬರ್ಕೋ."

"ಈಗ್ಯಾಕೆ ಅದೆಲ್ಲ?"

"ನಾಳೆ ಹೇಳ್ಬೇಕಲ್ಲ," ಎಂದ ಅಣ್ಣ. "ನಂಗೆ ನೆನಪಿರಲ್ಲ."