ಬೊಳ್ಳಿಯ ಭಾಷೆ

ಬೊಳ್ಳಿ ಕುದುರೆ ಬಕೆಟ್ಟನ್ನು ಒದ್ದು ಉರುಳಿಸಿದಾಗ ನೀರು ಯಜ್ಞೇಶನ ಶೂಗಳ ಮೇಲೆ ಹರಿಯಿತು. ಅವನು ಹಿಂದೆ ಸರಿದು ಕೈಯಲ್ಲಿದ್ದ ಕಾಗದವನ್ನು ಮೇಲೆತ್ತಿ ಹಿಡಿದ. ನಾಲ್ಕು ದಿನದ ಹಿಂದೆ ಕತಾರಿನ ಇದೇ ಲಾಯದಲ್ಲಿ ಎದೆನೋವೆಂದು ಕುಸಿದು ಸತ್ತ ಸೋದರಮಾವ ಸಂಕಪ್ಪನ ಹೆಣ ಊರಿಗೆ ಹೋಗಬೇಕಾದರೆ ಆ ಕಾಗದದ ಮೇಲೆ ಅರ್ಬಾಬನ ಸಹಿ ಬೇಕಿತ್ತು. ಆಸ್ಪತ್ರೆ, ಪೊಲೀಸು, ಎಂಬೆಸಿ ಎಲ್ಲ ಮುಗಿದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಪೆಟ್ಟಿಗೆ ಏರ್‌ಪೋರ್ಟಿನ ಕಾರ್ಗೋ ಮುಟ್ಟದಿದ್ದರೆ ನಾಳೆ ಶುಕ್ರವಾರ, ನಾಡಿದ್ದು ಶನಿವಾರ, ಎಲ್ಲ ಆಫೀಸೂ ಬಂದ್. ಊರಿನಿಂದ ಪೂವಕ್ಕತ್ತೆ ಬೆಳಗ್ಗಿನಿಂದ ಮೂರು ಸಲ ಫೋನು ಮಾಡಿ ಒಂದೇ ಮಾತು ಕೇಳಿದ್ದಳು: ಹೊರಟಿತಾ?

ಲಾಯದ ಒಡೆಯ ಅರ್ಬಾಬ್, ಎಪ್ಪತ್ತು ದಾಟಿದ ಮುದುಕ, ಬೇಲಿಗೆ ಒರಗಿ ನಿಂತಿದ್ದ. ಕುದುರೆ ನಾಲ್ಕು ದಿನದಿಂದ ಹುಲ್ಲು ಮುಟ್ಟಿಲ್ಲ, ನಿನ್ನೆಯಿಂದ ನೀರೂ ಇಲ್ಲ. ಅದು ಕುಡಿಯಲಿ, ಆಮೇಲೆ ಸಹಿ ಎಂದು ಮುರುಕು ಹಿಂದಿಯಲ್ಲಿ ಹೇಳಿದ. ಗದರಲಿಲ್ಲ. ಅವನ ಕಣ್ಣು ಅತ್ತು ಕೆಂಪಾಗಿತ್ತು, ಅದನ್ನು ನೋಡಿ ಯಜ್ಞೇಶನಿಗೆ ಇನ್ನಷ್ಟು ಸಿಟ್ಟು ಬಂತು.

ಹೊನ್ನಾವರದ ಹ್ಯೂಬರ್ಟ್ ಲಾಯದ ಅಡುಗೆಯವನು, ಮಾವನ ಜೊತೆ ಹದಿನಾರು ವರ್ಷ ಒಂದೇ ಕೋಣೆಯಲ್ಲಿ ಇದ್ದವನು. ಟವೆಲಿನಿಂದ ಮುಖ ಒರೆಸಿಕೊಂಡ.

“ನಿಮ್ಮ ಅಳಿಯಕಟ್ಟಲ್ಲಿ ಮಾವನದ್ದೆಲ್ಲ ಸೋದರಳಿಯನಿಗೇ ಅಲ್ವ ಮಾರಾಯ? ಅವ್ರು ಎಂತದೂ ಮಾಡಿಟ್ಟಿಲ್ಲ. ಇದ್ರೆ ಇದೊಂದು ಕುದುರೆ.”

ಯಜ್ಞೇಶ್ ಗಂಟೆ ನೋಡಿಕೊಂಡ.

*

ಸಂಕಪ್ಪ ಕಂಬಳದ ಕೋಣ ಓಡಿಸುವ ಮನೆಯವನು. ಕತಾರಿಗೆ ಬಂದಾಗ ಅರಬಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಕೋಣಗಳೊಡನೆ ಆಡುತ್ತಿದ್ದ ತುಳುವನ್ನೇ ಕುದುರೆಗಳೊಡನೆ ಆಡಿದ. ಬಲ ಎಂದರೆ ಬಾ, ಉಂತು ಎಂದರೆ ನಿಲ್ಲು. ಕುದುರೆಗಳು ಕಲಿತವು.

ಆಮೇಲೆ ಅರ್ಬಾಬ್ ಅಮೆರಿಕದಿಂದ ಒಂದು ಮಸ್ಟ್ಯಾಂಗ್ ತರಿಸಿದ. ಬಯಲಲ್ಲಿ ಹುಟ್ಟಿ, ಬಯಲಲ್ಲೇ ಬೆಳೆದು ಸಿಕ್ಕಿಬಿದ್ದ ಕಾಡುಕುದುರೆ. ಬಂದ ವಾರದಲ್ಲೇ ಇಬ್ಬರ ಪಕ್ಕೆಲುಬು ಮುರಿಯಿತು. ಸಂಕಪ್ಪ ಇಪ್ಪತ್ತು ದಿನ ಅದಕ್ಕೆ ಬೆನ್ನು ಹಾಕಿ ಕೂತು ಊರಿನ ಸುದ್ದಿ ಹೇಳಿದ. ಇಪ್ಪತ್ತೊಂದನೆಯ ದಿನ ಅದು ಬಂದು ಅವನ ಅಂಗಿ ಮೂಸಿತು. ಬೊಳ್ಳಿ, ಅಂದರೆ ಬೆಳ್ಳಿ, ಎಂದು ಹೆಸರಿಟ್ಟ.

ಅಲ್ಲಿಗೆ ಅವನ ದಾರಿ ಮುಚ್ಚಿತು. ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ ಮಗಳು ಭವ್ಯಶ್ರೀಯ ಮದುವೆ. ಕೆಲಸಕ್ಕೆ ತರಿಸಿಕೊಂಡ ಕಫೀಲನ ಸಹಿಯಿಲ್ಲದೆ ಯಾರೂ ದೇಶ ಬಿಡುವಂತಿಲ್ಲ, ಸಂಕಪ್ಪನ ಕಫೀಲ್ ಅರ್ಬಾಬನೇ. ನೀನು ಹೋದರೆ ಬೊಳ್ಳಿಯ ಹತ್ತಿರ ಯಾರು ಹೋಗುತ್ತಾರೆ ಎಂದು ಅವನು ಸಹಿ ಹಾಕಲಿಲ್ಲ. ಅದಕ್ಕೆ ನಾಲ್ಕು ಅರಬಿ ಮಾತು ಕಲಿಸಿಬಿಡು, ಬೇರೆಯವರ ಮಾತೂ ಕೇಳಲಿ ಎಂದು ಹ್ಯೂಬರ್ಟ್ ಬೇಡಿಕೊಂಡ. ಹೂಂ ಎಂದ ಸಂಕಪ್ಪ ಕೊನೆಗೂ ಕಲಿಸಲಿಲ್ಲ.

“ನಾನು ತುಳು ಮಾತಾಡುದು ಇವಳ ಹತ್ರ ಮಾತ್ರ,” ಎಂದಿದ್ದ ಒಮ್ಮೆ. “ಅದೂ ಹೋದ್ರೆ ನನಗೆ ಇಲ್ಲಿ ಯಾರುಂಟು?”

*

ಫೋನು ಮತ್ತೆ ಬಡಿದುಕೊಂಡಿತು. ಅತ್ತೆ. ಗಂಟೆ ಎರಡೂಮುಕ್ಕಾಲು. ಯಜ್ಞೇಶ್ ಅದನ್ನು ಜೇಬಿಗೆ ಹಾಕಿ, ಕಾಗದವನ್ನು ಹ್ಯೂಬರ್ಟನಿಗೆ ಕೊಟ್ಟು, ನೀರು ತುಂಬಿದ ಬಕೆಟ್ ಹಿಡಿದು ಬೇಲಿಯ ಬಾಗಿಲು ದಾಟಿದ. ಇಂಡಸ್ಟ್ರಿಯಲ್ ಏರಿಯಾದ ಆಫೀಸಿನಲ್ಲಿ ದಿನವೆಲ್ಲ ಇಂಗ್ಲಿಷು, ಹಿಂದಿ, ಮಲಯಾಳ. ಊರಿನ ಫೋನು ಬಿಟ್ಟರೆ ಅವನ ನಾಲಗೆಗೆ ತುಳು ಬಂದು ತಿಂಗಳುಗಳಾಗಿದ್ದವು. ಮಾವನ ಹಾಗೆ ಬೆನ್ನು ಹಾಕಿ ಮರಳಲ್ಲಿ ಕೂತ.

“ಬಲ, ಬೊಳ್ಳಿ.”

ದನಿ ಥೇಟ್ ಮಾವನದೇ. ಹ್ಯೂಬರ್ಟ್ ಈ ಮೊದಲು ಅದೇ ಮಾತು ಹೇಳಿ ನೋಡಿ ಒದೆ ತಿಂದಿದ್ದ. ಈಗ ಶಿಲುಬೆ ಗುರುತು ಹಾಕಿಕೊಂಡ. ಕುದುರೆಯ ಕಿವಿ ಇತ್ತ ತಿರುಗಿತು. ಮುಂದೇನು ಹೇಳಬೇಕೆಂದು ತಿಳಿಯದೆ ಯಜ್ಞೇಶ್ ತುಳುವಿನಲ್ಲಿ ನಿಜವನ್ನೇ ಹೇಳಿದ. ಮಾವ ತೀರಿಹೋದ, ಹೊರಗೆ ವ್ಯಾನಿನಲ್ಲಿದ್ದಾನೆ, ಅತ್ತೆ ಕಾಯುತ್ತಿದ್ದಾಳೆ. ಹೇಳುತ್ತ ಹೇಳುತ್ತ ನಾಲ್ಕು ದಿನ ತಡೆದಿಟ್ಟಿದ್ದ ಅಳು ಬಂತು. ಬೊಳ್ಳಿ ಹಿಂದಿನಿಂದ ನಡೆದು ಬಂದು, ಅವನ ಭುಜದ ಮೇಲಿಂದ ಕತ್ತು ಚಾಚಿ ಬಕೆಟ್ಟಿಗೆ ಬಾಯಿ ಹಾಕಿತು.

ಅರ್ಬಾಬ್ ಆಡಿದ ಮಾತಿಗೆ ತಪ್ಪಲಿಲ್ಲ. ಸಹಿ ಹಾಕಿ, ಯಲ್ಲಾ, ಬೇಗ ಎಂದು ಹ್ಯೂಬರ್ಟನನ್ನು ವ್ಯಾನಿನತ್ತ ಓಡಿಸಿದ. ಯಜ್ಞೇಶ್ ಏಳಲು ಹೋದ. ಬೊಳ್ಳಿ ಒದ್ದೆ ಗದ್ದವನ್ನು ಅವನ ಹೆಗಲ ಮೇಲಿಟ್ಟು ಭಾರ ಬಿಟ್ಟಿತು.

“ನಿನ್ನ ಕಫೀಲ್ ಯಾರು?” ಅರ್ಬಾಬ್ ಮೆಲ್ಲಗೆ ಕೇಳಿದ. “ಅವನ ಹತ್ತಿರ ನಾನು ಮಾತಾಡುತ್ತೇನೆ.”

ಹೊರಗೆ ವ್ಯಾನು ಹೊರಟ ಸದ್ದಾಯಿತು. ಮುದುಕನ ಕೈ, ಎಷ್ಟೋ ವರ್ಷದ ಅಭ್ಯಾಸದಲ್ಲಿ, ಬೇಲಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತು.